ಆರಡಿ ಎರಡಿಂಚಿನ ನೆಗೆಣ್ಣಿ

ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎನ್ನುವ ಮಾತನ್ನು ಯಾರೋ ಚಿಕ್ಕ ವಯಸ್ಸಿನವರೇ ಹೇಳಿರಬೇಕು. ನನ್ನ ಹಲ್ಲು ಬಿದ್ದಿದೆ, ಮಂಡಿ ಸವೆದಿದೆ, ಕಣ್ಣಿಗೆ ಲೆನ್ಸ್ ಕೂತಿದೆ; ಹೊಟ್ಟೆಕಿಚ್ಚು ಮಾತ್ರ ಹದಿನಾರರ ಹುಡುಗಿಯ ಹಾಗೆ ಗಟ್ಟಿಮುಟ್ಟಾಗಿದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್ ಹೇಳುತ್ತಿದ್ದ ಸಿಸ್ಟರ್, "ಗರ್ಲ್ಸ್, ಜೆಲಸಿ ಈಸ್ ವೆರಿ ಅನ್‌ಬಿಕಮಿಂಗ್ ಇನ್ ಎ ಯಂಗ್ ಲೇಡಿ" ಎನ್ನುತ್ತಿದ್ದರು. ಓಲ್ಡ್ ಲೇಡಿಯರ ಬಗ್ಗೆ ಅವರು ಏನೂ ಹೇಳಲಿಲ್ಲ. ಆ ಸಂದಿಯಲ್ಲೇ ನುಸುಳಿಕೊಂಡು ನಾನು ಇಲ್ಲಿಯವರೆಗೆ ಬಂದಿದ್ದೇನೆ.

ನನ್ನ ಕಿಚ್ಚಿಗೆ ಕಾರಣ ನನ್ನ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಗಿರಿಜಾ. ಎತ್ತರ ಆರಡಿ ಎರಡಿಂಚು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವಳು ನಡೆದು ಬಂದರೆ ಮೊದಲು ಕಾಂಪೌಂಡಿನ ಮೇಲೆ ತಲೆ ಕಾಣುತ್ತದೆ, ಆಮೇಲೆ ಗೇಟಿನ ಸದ್ದು ಕೇಳುತ್ತದೆ. ನಾನು ಹೀಲ್ಸ್ ಹಾಕುತ್ತಿದ್ದ ಕಾಲದಲ್ಲೂ ಐದಡಿ ಮುಟ್ಟಿದವಳಲ್ಲ. ಅವಳು ಬಾಸ್ಕೆಟ್‌ಬಾಲ್ ಆಟಗಾರ್ತಿ. ಕಾಲೇಜಿನಲ್ಲಿ ನಾಲ್ಕು ದಿನ ಕುಣಿದು ಬಿಟ್ಟವಳಲ್ಲ, ಆಡುವುದಕ್ಕೇ ಸಂಬಳ ಪಡೆದವಳು. ಚೆನ್ನೈಯ ದೊಡ್ಡ ಸಂಸ್ಥೆಯೊಂದರ ತಂಡದಲ್ಲಿ ಸೆಂಟರ್ ಆಗಿದ್ದವಳು. ಸೆಂಟರ್ ಎಂದರೆ ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು. ಬುಟ್ಟಿಯ ಕೆಳಗೆ ಗೂಟ ಬಡಿದ ಹಾಗೆ ನಿಂತು ಮೊಣಕೈ ತಿವಿಸಿಕೊಳ್ಳುವವಳು.

ಅವಳ ತವರು ಹಗರಿಬೊಮ್ಮನಹಳ್ಳಿ. ಅಪ್ಪನದು ಶೇಂಗಾ ವ್ಯಾಪಾರ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮಗಳು ಅಪ್ಪನನ್ನೂ ಮೀರಿ ಬೆಳೆದದ್ದು ನೋಡಿ ಅವ್ವ, "ಇಕಿಗೆ ಗಂಡು ಹುಡುಕಾಕ ಏಣಿ ತಗೊಂಡು ಹೋಗಬೇಕು" ಎಂದು ಅಳುತ್ತಿದ್ದಳಂತೆ. ಡ್ರಿಲ್ ಮಾಸ್ತರರು ಒಂದು ದಿನ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆದುಕೊಂಡು ಹೋದರು. ಚೆಂಡು ಹಿಡಿಯಲೂ ಬಾರದವಳನ್ನು ಬರೀ ಎತ್ತರ ನೋಡಿ ತೆಗೆದುಕೊಂಡರು. ನಾನು ಬಿ.ಎ., ಬಿ.ಎಡ್. ಮಾಡಿ ಕೆಲಸಕ್ಕಾಗಿ ಊರೂರು ಅಲೆದವಳು. ಇವಳು ಸುಮ್ಮನೆ ನಿಂತಿದ್ದಕ್ಕೇ ಸೆಲೆಕ್ಟ್! ಅಲ್ಲಿಂದ ರಾಜ್ಯ ತಂಡ, ವಿಮಾನ, ವಿದೇಶ, ಮುರಿದ ಮೂಗು, ಸೊಟ್ಟಗಾದ ಬೆರಳು. ಒಂದು ಫೈನಲ್ಲಿನಲ್ಲಿ ಬಾತ ಮಂಡಿಗೆ ಪಟ್ಟಿ ಸುತ್ತಿಕೊಂಡೇ ಆಡಿ ಗೆದ್ದು, ಮರುದಿನ ಹೋಟೆಲಿನ ಮೆಟ್ಟಿಲುಗಳನ್ನು ಕೂತುಕೊಂಡೇ ಇಳಿದಳಂತೆ. ಮಂಡಿಯ ಆಪರೇಷನ್ ಆದ ಮೇಲೆ ಆಟ ನಿಂತಿತು, ಅದೇ ಆಫೀಸಿನಲ್ಲಿ ಫೈಲು ಹಿಡಿದು ಕೂತಳು. "ಟೇಬಲ್ ಕೆಳಗ ಕಾಲು ಹಿಡಸ್ತಿದ್ದಿಲ್ಲ ಅಕ್ಕಾ, ಎದುರಿನ ಟೇಬಲ್‌ನವರಿಗೆ ಬಡೀತಿದ್ವು" ಎನ್ನುತ್ತಾಳೆ. ಎದುರಿನ ಟೇಬಲ್ ನನ್ನ ಮೈದುನನದು. ಅವಳ ಭುಜಕ್ಕೆ ಬರುವ ಆ ಮನುಷ್ಯ ಅಲ್ಲೇ ಸೋತುಹೋದ. ರಿಟೈರ್ ಆದ ಮೇಲೆ ಇಬ್ಬರೂ ಬಂದು ನಮ್ಮ ಪಕ್ಕದ ಭಾಗದಲ್ಲೇ ಮನೆ ಮಾಡಿದ್ದಾರೆ.

ಮೆಡಲ್ಲು, ವಿದೇಶಗಳಿಗೆ ನಾನು ಉರಿದುಕೊಂಡವಳಲ್ಲ, ಆನ್ ಮೈ ಆನರ್. ನನ್ನ ಉರಿಯೆಲ್ಲ ಅತ್ತೆಯವರ ವಿಷಯಕ್ಕೆ.

ಹಡಗಲಿ ಕಡೆಯಿಂದ ಬಂದ ನಮ್ಮತ್ತೆಗೆ ಈಗ ತೊಂಬತ್ತರ ಹತ್ತಿರ. ನಾನು ಸೊಸೆಯಾಗಿ ಬಂದಂದಿನಿಂದ ಅವರ ಬಾಯಲ್ಲಿ ಒಂದು ಮೆಚ್ಚುಗೆಯ ಮಾತು ಕೇಳಬೇಕೆಂದು ಕಾದಿದ್ದೇನೆ. ಬಂದ ದಿನವೇ, "ಇಂಗ್ಲಿಷ್ ಕಲಿತಾಕಿ, ರೊಟ್ಟಿ ಹೆಂಗ ಬಡೀತಾಳೋ ಏನೋ" ಎಂದರು. ಹಠ ಹಿಡಿದು ಕಲಿತೆ. ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ, ಆಚೆಗಿನ ದೀಪ ಕಾಣುವಷ್ಟು ತೆಳ್ಳಗೆ ಬಡಿದೆ. ಅತ್ತೆ ಒಂದು ತುತ್ತು ಮುರಿದು ಬಾಯಿಗಿಟ್ಟು, "ಉಪ್ಪು ಒಂದೀಟು ಕಡಿಮಿ ಆಗೇತಿ" ಎಂದರು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ!

ಗಿರಿಜಾಳ ರೊಟ್ಟಿ ಇಂಡಿಯಾ ಮ್ಯಾಪಿನ ಹಾಗಿರುತ್ತದೆ, ಕೆಲವು ಸಲ ಶ್ರೀಲಂಕಾ ಸಮೇತ. ಅದಕ್ಕೆ ಅತ್ತೆ, "ಇರ್ಲಿ ಬಿಡು, ಪಾಪ, ಕೈ ದೊಡ್ಡವು ಅದಾವ" ಎನ್ನುತ್ತಾರೆ. ಗೋಡೆಯ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿಯನ್ನು ಅವಳು ಸ್ಟೂಲಿಲ್ಲದೆ ಇಳಿಸಿದರೆ, "ನೋಡಲೇ ಸುಶೀಲಾ, ಹೆಂಗ ತಗದ್ಲು!" ಎಂದು ನನ್ನನ್ನೇ ಕರೆದು ತೋರಿಸುತ್ತಾರೆ. ನಾನು ಚಹಾ ಬೇಕೇ ಎಂದು ಮೂರು ಸಲ ಕೂಗಿದರೂ ಕೇಳದ ಕಿವಿಗೆ ಅವಳ ಆಟದ ಕಥೆ ಮಾತ್ರ ಪಿಸುಮಾತಿನಲ್ಲೂ ಕೇಳುತ್ತದೆ. "ಮುಂದ ಏನಾತು ಹೇಳಬೇ?" ಎಂದು ದಿಂಬಿಗೊರಗಿ ಕೂರುತ್ತಾರೆ. ಜೀವನವಿಡೀ ಇಂಗ್ಲಿಷ್ ಕಲಿಸಿದ ನನಗೆ ಅವರ ಬಾಯಿಂದ ಒಂದು "ಥ್ಯಾಂಕ್ಯೂ" ಹೊರಡಿಸಲಾಗಲಿಲ್ಲ. ಇವಳು ಬಂದ ತಿಂಗಳಿನಲ್ಲೇ ಅತ್ತೆ "ರಿಬೌಂಡು" ಎನ್ನುತ್ತಿದ್ದರು, ಎಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು. ಮಾತ್ರೆ ನುಂಗಿರೆಂದು ನಾನು ಕೈ ಹಿಡಿದರೆ, "ಫೌಲ್ ಮಾಡಬ್ಯಾಡ" ಎಂದು ಕೊಸರಿಕೊಂಡರು.

ಹೀಗಿರುವಾಗ ಪಂಚಮಿ ಬಂತು. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಓಣಿಯ ಹೆಂಗಸರು ಶೇಂಗಾ ಉಂಡಿ, ಎಳ್ಳುಂಡಿ ಹಿಡಿದುಕೊಂಡು ನಮ್ಮಲ್ಲೇ ಸೇರಿದರು. ನಮ್ಮ ಕಡೆ ಪಂಚಮಿಗೆ ಗಂಡಸರು ನಿಂಬೆಹಣ್ಣು ಎಸೆಯುವ ಪಂಥ ಕಟ್ಟುತ್ತಾರೆ: ಇಲ್ಲಿಂದ ಇಂಥ ಕಡೆಗೆ ಇಷ್ಟು ಎಸೆತದಲ್ಲಿ ಮುಟ್ಟಿಸಬೇಕು ಎಂದು. ಈ ಸಲ ಹೆಂಗಸರದೂ ಒಂದು ಪಂಥ ಆಗಲಿ ಎಂದವಳು ನಾನೇ. ರೊಟ್ಟಿ ಬುಟ್ಟಿಯನ್ನು ಬೇವಿನ ಟೊಂಗೆಗೆ ಕಟ್ಟಿಸಿದವಳೂ ನಾನೇ. ಗೇಟಿನ ಹತ್ತಿರದಿಂದ ನಿಂಬೆಹಣ್ಣನ್ನು ಅದರೊಳಗೆ ಹಾಕಬೇಕು.

"ಗಿರಿಜಾ, ನೀನೇ ಶುರು ಮಾಡು. ಜಸ್ಟ್ ಫಾರ್ ಫನ್" ಎಂದೆ, ಜೇನು ಸುರಿಯುವ ದನಿಯಲ್ಲಿ.

ನಮ್ಮ ಯಜಮಾನರು ಪೇಪರಿನ ಮೇಲಿಂದ ನೋಡಿ, "ಏನ್ ನಡಸೀಯಲೇ ಸುಶೀಲಾ?" ಎಂದರು. ಮೂವತ್ತೆರಡೂ ಹಲ್ಲು ಕಾಣುವ ಹಾಗೆ ನಕ್ಕೆ. ಕಟ್ಟಿಸಿದ ಹಲ್ಲಿನ ಸೌಕರ್ಯವೇ ಅದು. ಸೆಂಟರ್ ಆದವಳು ದೂರದಿಂದ ಎಸೆಯುವವಳಲ್ಲ ಎನ್ನುವುದನ್ನು ನಾನು ಅವಳಿಂದಲೇ ಕೇಳಿ ತಿಳಿದುಕೊಂಡಿದ್ದೆ. ಊರವರಿಗೆ ಅದೆಲ್ಲ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಬಾಸ್ಕೆಟ್‌ಬಾಲಿನವಳು ಎಂದರೆ ಬುಟ್ಟಿಗೆ ಹಾಕುವವಳು.

ಗಿರಿಜಾಳ ಮೊದಲ ನಿಂಬೆಹಣ್ಣು ಹಂಚಿನ ಮೇಲೆ ಉರುಳಿತು. ಎರಡನೆಯದು ಯಜಮಾನರ ಪೇಪರಿಗೆ ಬಡಿಯಿತು. ಮೂರನೆಯದು ಓಣಿ ದಾಟಿ ಹೋಯಿತು.

"ಏನ್ ಗಿರಿಜಕ್ಕಾ, ಪಗಾರ ಯಾತಕ್ಕ ಕೊಡ್ತಿದ್ರವಾ ನಿನಗ?" ಎಂದು ಎದುರು ಮನೆಯ ಕೊಟ್ರಮ್ಮ ಕೂಗಿದಳು. ಅಂಗಳವೆಲ್ಲ ನಕ್ಕಿತು.

ಗಿರಿಜಾಳೂ ನಕ್ಕಳು. "ಮಂದಿ ತಪ್ಪಿಸಿದ್ದನ್ನ ಹಿಡಿದು ಹಾಕಾಕ ಕೊಡ್ತಿದ್ರು ಕೊಟ್ರಮ್ಮಾ. ದೂರದಿಂದ ಹಾಕಾಕ ಬ್ಯಾರೇದಾರು ಇರ್ತಿದ್ರು" ಎಂದು ಹೇಳಿ ಮಂಡಿ ಒತ್ತಿಕೊಳ್ಳುತ್ತ ಮರದ ಬುಡಕ್ಕೆ ಹೋಗಿ ನಿಂತಳು.

ನಾನು ಅತ್ತೆಯ ಕಡೆ ನೋಡಿದೆ. ಮುಖ ಚಿಕ್ಕದಾಗಿತ್ತು. ಇದೇ ನನ್ನ ಗಳಿಗೆ ಎಂದುಕೊಂಡೆ. ಸೆರಗು ಸಿಕ್ಕಿಸಿ, "ಅತ್ತೀ, ನಾ ಹಾಕ್ತೀನಿ, ನೋಡ್ರಿ" ಎಂದೆ. ಕಾನ್ವೆಂಟಿನ ಥ್ರೋಬಾಲ್ ತಂಡದಲ್ಲಿ ನಾನೂ ಇದ್ದೆ. ಆಡುವವರ ಕಾರ್ಡಿಗನ್ನುಗಳನ್ನು ಕಾಯುವ ಕೆಲಸ. ಬಳ್ಳಾರಿಯ ಬಿಸಿಲಿಗೆ ಕಾರ್ಡಿಗನ್ ಯಾಕೆಂದು ಕೇಳಬೇಡಿ, ಕಾನ್ವೆಂಟ್ ಎಂದರೆ ಕಾನ್ವೆಂಟ್. ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ಮೈಯ ಶಕ್ತಿಯನ್ನೆಲ್ಲ ಸೇರಿಸಿ ಎಸೆದೆ.

ನಿಂಬೆಹಣ್ಣು ಬುಟ್ಟಿಯ ಅಂಚಿಗೆ ಬಡಿದು ಮೇಲಕ್ಕೆ ಪುಟಿಯಿತು. ಕೆಳಗೆ ನಿಂತಿದ್ದ ಗಿರಿಜಾ ಜಿಗಿಯಲಿಲ್ಲ. ಕೈ ಚಾಚಿ ಅದನ್ನು ಗಾಳಿಯಲ್ಲೇ ಹಿಡಿದು, ಡಬ್ಬಿಗೆ ಮುಚ್ಚಳ ಇಟ್ಟಷ್ಟು ಸಲೀಸಾಗಿ ಬುಟ್ಟಿಯೊಳಗೆ ಇಟ್ಟಳು. ಅಂಗಳ ಹೋ ಎಂದು ಕೂಗಿತು. ಅತ್ತೆ ಕೋಲು ಊರಿ ಎದ್ದೇ ನಿಂತರು. "ರಿಬೌಂಡು!"

ನನ್ನ ಕಥೆ ಮುಗಿಯಿತು ಎಂದುಕೊಂಡು ಒಳಗೆ ಹೊರಟಿದ್ದೆ. "ಸುಶೀಲಾ, ಬಾ ಇಲ್ಲಿ" ಎಂದರು. ಹೋದೆ. ನನ್ನ ಕೆನ್ನೆಗಳನ್ನು ನೀವಿ, ತಮ್ಮ ಹಣೆಗೆ ಬೆರಳೊತ್ತಿ ನೆಟಿಕೆ ಮುರಿದರು.

"ಎಷ್ಟು ಛಂದ ತಪ್ಪಿಸಿದಿ ನನ್ನವ್ವಾ! ನೆಗೆಣ್ಣಿ ಮಾನ ಹೊಕ್ಕೈತಂತ ಅಕಿ ಕೈಗೆ ಸಿಗಂಗ ಹಾಕಿದಿ. ನಿನ್ನಂಥಾ ಹಿರೇ ಸೊಸಿ ಯಾರಿಗೆ ಸಿಕ್ಕಾಳ?"

ಇಷ್ಟು ವರ್ಷ ಕಾದ ಮಾತು. ಅದೂ ನಾನು ಮಾಡದ ಪುಣ್ಯಕ್ಕೆ. ನಿಜ ಹೇಳುವುದೋ ಬಿಡುವುದೋ ಎಂದು ಬಾಯಿ ತೆರೆದೆ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ತಪ್ಪಿದ ಎಸೆತವನ್ನು ಗುರುತಿಸುವುದೇ ವೃತ್ತಿಯಾಗಿದ್ದವಳಿಗೆ ತಿಳಿಯದಿರುತ್ತದೆಯೇ? ಆದರೂ ಅವಳು, "ಹೌದ್ರಿ ಅತ್ತಿ, ಅಕ್ಕ ಬೇಕಂತನ ಹಂಗ ಹಾಕಿದ್ರು. ಪಾಸ್ ಅಂದ್ರ ಅದು" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದಳು.

ನಾನು ಬಾಯಿ ಮುಚ್ಚಿದೆ. ಎತ್ತರವನ್ನು ಹೇಗೋ ಸಹಿಸಿಕೊಂಡಿದ್ದೆ. ದೊಡ್ಡ ಮನಸ್ಸೂ ಅವಳದೇ ಎಂದರೆ, ಫಾರ್ ಹೆವನ್ಸ್ ಸೇಕ್, ಮನುಷ್ಯಳಾದವಳು ಎಷ್ಟೆಂದು ತಡೆದುಕೊಳ್ಳಬೇಕು?

ಈಗ ಆ ಬುಟ್ಟಿ ಮರದಲ್ಲೇ ಉಳಿದಿದೆ. ಸಂಜೆಯಾದರೆ ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, "ಸುಶೀಲಾ, ತಪ್ಪಿಸಬೇ" ಎನ್ನುತ್ತಾರೆ. ತಪ್ಪಿಸುತ್ತೇನೆ. ಗಿರಿಜಾ ಹಿಡಿಯುತ್ತಾಳೆ. ಅತ್ತೆ ಇಬ್ಬರನ್ನೂ ಹೊಗಳುತ್ತಾರೆ. ಮೊನ್ನೆ ಮಾತ್ರ ಏನಾಯಿತೋ, ನಾನು ಎಸೆದ ನಿಂಬೆಹಣ್ಣು ಎಲ್ಲಿಗೂ ತಾಗದೆ ನೇರ ಬುಟ್ಟಿಯೊಳಗೆ ಬಿತ್ತು. ಹಿಗ್ಗಿನಿಂದ ಅತ್ತೆಯ ಕಡೆ ತಿರುಗಿದೆ.

ಅತ್ತೆ ಮುಖ ಸಿಂಡರಿಸಿ ಗಿರಿಜಾಳಿಗೆ ಹೇಳುತ್ತಿದ್ದರು: "ಇಷ್ಟು ವರ್ಷ ಆತು, ಒಂದು ಕೆಲಸ ನೆಟ್ಟಗ ಮಾಡಾಕ ಬರಂಗಿಲ್ಲ ನೋಡು ಇಕಿಗೆ."