ಸಾಹೇಬರ ಹಳೇ ಸೋಫಾ

ಚೊಕ್ಕಣ್ಣನ ಗ್ರಹಚಾರ ಕೆಟ್ಟದ್ದು ಅವನ ತಾಯಿಗೆ ಒಂದು ರಾತ್ರಿ ಕಣ್ತುಂಬ ನಿದ್ದೆ ಬಂದದ್ದರಿಂದ.

ಮುದುಕಿಗೆ ಉಬ್ಬಸ. ನೆಲದ ಮೇಲೆ ಅಂಗಾತ ಮಲಗಿದರೆ ಉಸಿರು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗೋಡೆಗೆ ಒರಗಿ, ಬೆನ್ನಿಗೆ ಮಡಚಿದ ಕಂಬಳಿ ಇಟ್ಟುಕೊಂಡು, ಕೂತಲ್ಲೇ ತೂಕಡಿಸುವುದಕ್ಕೆ ನಿದ್ದೆ ಅಂತ ಹೆಸರಿಟ್ಟುಕೊಂಡು ಎಷ್ಟೋ ತಿಂಗಳು ತಳ್ಳಿದ್ದಳು. ನಿನ್ನೆ ಸಂಜೆ ಮನೆಗೆ ಸೋಫಾ ಬಂತು. ಅದರ ದಪ್ಪ ಕೈಗೆ ಬೆನ್ನು ಕೊಟ್ಟು ಕಾಲು ಚಾಚಿದವಳು ಬೆಳಗಿನ ತನಕ ಅಲುಗಲಿಲ್ಲ. ಸೊಸೆ ಗಾಬರಿಯಾಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳು. ಮುದುಕಿ ಗೊರಕೆ ಹೊಡೆದು ಉತ್ತರ ಕೊಟ್ಟಳು.

ಸೋಫಾ ಬಂದದ್ದು ಚೊಕ್ಕಣ್ಣನ ಕಚೇರಿಯಿಂದ. ಬಡವರ ಮನೆ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ಕಟ್ಟುತ್ತದಲ್ಲ, ಆ ಬಾಡಿಗೆ ನೆರವಿನ ಕಚೇರಿ ಅದು. ಚೊಕ್ಕಣ್ಣ ಅಲ್ಲಿ ಗುತ್ತಿಗೆ ಮೇಲೆ ನೆಲ ಒರೆಸುತ್ತಿದ್ದ. ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಒರೆಸುವ ಚೊಕ್ಕಟತನಕ್ಕೆ ಈ ಅಡ್ಡಹೆಸರು ಬಿದ್ದಿತ್ತು. ಆ ಕಚೇರಿ ಕೊಡುವ ಸಂಬಳದಲ್ಲಿ ಬಾಡಿಗೆ ಕಟ್ಟಲಾಗದೆ, ಆ ಕಚೇರಿಯಿಂದಲೇ ಅವನಿಗೆ ನೆರವೂ ಬರುತ್ತಿತ್ತು. ಇದರಲ್ಲಿ ಏನೋ ತಮಾಷೆ ಇದೆ ಅಂತ ಅಲ್ಲಿ ಯಾರಿಗೂ ಅನಿಸಿರಲಿಲ್ಲ.

ದೊಡ್ಡ ಸಾಹೇಬರ ಕೋಣೆಗೆ ಹೊಸ ಸೋಫಾ ಬಂದಾಗ ಹಳೆಯದನ್ನು ಗುಜರಿಗೆ ಹಾಕಬೇಕಾಯಿತು. ಗುಜರಿಯವನನ್ನು ಕರೆಯುವ ತಲೆನೋವು ಯಾರಿಗೆ ಬೇಕು. "ನಿಮ್ಮಮ್ಮನಿಗೆ ಉಬ್ಬಸ ಅಂತಿದ್ದೆಯಲ್ಲ, ನೀನೇ ತಗೊಂಡು ಹೋಗಪ್ಪ" ಎಂದರು ಸಾಹೇಬರು. ಹೊಸದನ್ನು ತಂದ ಲಾರಿಯವರೇ ವಾಪಸು ಹೋಗುವಾಗ ಇದನ್ನು ಚೊಕ್ಕಣ್ಣನ ಮನೆಗೆ ಏರಿಸಿಟ್ಟು ಹೋದರು. ಚೊಕ್ಕಣ್ಣ ಆಗ ಕಚೇರಿಯಲ್ಲಿ ಹೊಸ ಸೋಫಾದ ಪ್ಲಾಸ್ಟಿಕ್ಕು ಸುಲಿಯುತ್ತಿದ್ದ, ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಸಂಜೆ ಬಂದು ನೋಡಿದರೆ ಒಂದೇ ಕೋಣೆಯ ಮನೆಯಲ್ಲಿ ಸೋಫಾ, ಸೋಫಾದ ಮೇಲೆ ಅಮ್ಮ. ವರ್ಷಗಟ್ಟಲೆ ಅದರ ಧೂಳು ಒರೆಸಿದ್ದ ಚೊಕ್ಕಣ್ಣ ಒಂದು ಸಲವೂ ಅದರ ಮೇಲೆ ಕೂತಿರಲಿಲ್ಲ. ಇವತ್ತು ಅಮ್ಮ ಮಲಗಲಿ, ನಾಳೆ ಕೂತರಾಯಿತು ಅಂದುಕೊಂಡು ನೆಲದ ಮೇಲೆ ಚಾಪೆ ಹಾಸಿದ.

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಸರ್ಕಾರಕ್ಕೆ ಗೊತ್ತಿಲ್ಲದ ಸರ್ಕಾರಿ ನಿಯಮಗಳೂ ಅವರಿಗೆ ಗೊತ್ತಿದ್ದವು.

"ಚೊಕ್ಕಣ್ಣ, ಇವತ್ತು ನಮ್ಮ ಬಿಲ್ಡಿಂಗಿಗೆ ತಪಾಸಣೆ. ಮಧ್ಯಾಹ್ನದ ಹೊತ್ತಿಗೆ ಸಹಿಗೆ ಬನ್ನಿ ಅಂತ ಓನರ್‌ಗೆ ಫೋನ್ ಬಂದಿದೆಯಂತೆ. ಯಾರು ನಿಜವಾಗ್ಲೂ ಬಡವರು, ಯಾರು ನಾಟಕದ ಬಡವರು ಅಂತ ನೋಡ್ತಾರೆ" ಎಂದವರ ಕಣ್ಣು ಮನೆಯೊಳಗೆ ಹೋಯಿತು. "ಅದೇನಯ್ಯ ಅದು?"

"ಸೋಫಾ ಮೇಷ್ಟ್ರೇ. ಸಾಹೇಬ್ರು ಕೊಟ್ಟಿದ್ದು."

"ಮುಗೀತು ಬಿಡು ನಿನ್ನ ಕತೆ. ಹಿಂದಿನ ಬೀದೀಲಿ ಒಬ್ಬನ ಮನೇಲಿ ಗೀಸರ್ ನೋಡಿ ಹೆಸರು ಹೊಡೆದುಹಾಕಿದ್ರು. ಗೀಸರ್ ಕೆಟ್ಟುಹೋಗಿತ್ತು ಪಾಪ, ಅವನು ಅದರ ಮೇಲೆ ಸೋಪು ಇಡ್ತಿದ್ದ."

ಚೊಕ್ಕಣ್ಣನಿಗೆ ಬಾಯಲ್ಲಿದ್ದ ಪೇಸ್ಟು ಕಹಿಯಾಯಿತು. ನೆರವು ನಿಂತರೆ ಅವನ ಸಂಬಳ ಪೂರ್ತಿ ಬಾಡಿಗೆಗೇ ಹೋಗುತ್ತದೆ. ಹೆಂಡತಿಯ ಇಸ್ತ್ರಿ ಕೂಲಿಯಲ್ಲಿ ಊಟವೋ ಅಮ್ಮನ ಔಷಧಿಯೋ ಎರಡರಲ್ಲಿ ಒಂದು. ಅವನು ಒಳಗೆ ನೋಡಿದ. ಅಮ್ಮ ಇನ್ನೂ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ.

"ನಿಮ್ಮ ಆಫೀಸಿನೋರೇ ಕೊಡೋದು, ನಿಮ್ಮ ಆಫೀಸಿನೋರೇ ಬಂದು ನೋಡಿ ಹೊಟ್ಟೆ ಉರ್ಕೊಳ್ಳೋದು. ಚೆನ್ನಾಗಿದೆ ರೀ ನಿಮ್ಮ ಆಫೀಸು" ಎಂದಳು ಹೆಂಡತಿ.

ಅಷ್ಟರಲ್ಲಿ ಎದುರು ಬಾಗಿಲಿನ ಅಕ್ಕ ಬಂದಳು. ತಳ್ಳುಗಾಡಿಯಲ್ಲಿ ಕಾಲುಚೀಲ ಮಾರುವವಳು, ಮಾರದ ಹೊತ್ತಿನಲ್ಲಿ ಬೇರೆಯವರ ಮನೆ ನಡೆಸುವವಳು. ಬರುವಾಗಲೇ ಹಳೇ ಗೋಣಿಚೀಲ, ಹರಿದ ಬೆಡ್‌ಶೀಟು ತಂದಿದ್ದಳು. ಮುದುಕಿಯನ್ನು ಎಬ್ಬಿಸಿ ಗೋಡೆಯ ಪಕ್ಕ ಕೂರಿಸಿ, ಸೋಫಾಕ್ಕೆ ಗೋಣಿ ಹೊದಿಸಿ, ಮೇಲೆ ಮನೆಯ ಪಾತ್ರೆಗಳನ್ನೆಲ್ಲ ಪೇರಿಸಿದರು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, ಚಿತ್ರ ನೋಡುವವರಂತೆ ತಲೆ ಓರೆ ಮಾಡಿದರು.

"ಊಹೂಂ. ಮೊದಲು ಸೋಫಾ ಥರ ಕಾಣ್ತಿತ್ತು. ಈಗ ಬಚ್ಚಿಟ್ಟ ಸೋಫಾ ಥರ ಕಾಣ್ತಿದೆ. ಬಚ್ಚಿಟ್ಟಿದ್ದು ಅಂದ್ರೆ ಇನ್ನೂ ದೊಡ್ಡ ತಪ್ಪು."

"ಅಕ್ಕ, ಒಂದು ದಿನದ ಮಟ್ಟಿಗೆ ನಿಮ್ಮ ಮನೇಲಿ ಇಟ್ಕೊಳ್ಳಿ" ಎಂದ ಚೊಕ್ಕಣ್ಣ.

"ಅಯ್ಯೋ, ನನಗೂ ನೆರವು ಬರತ್ತಲ್ಲಪ್ಪ. ನನ್ನ ಮಿಕ್ಸಿನೇ ಮೇಷ್ಟ್ರ ಮನೇಲಿ ಇಟ್ಟು ಬಂದಿದ್ದೀನಿ. ಮೇಷ್ಟ್ರ ಫ್ಯಾನು ನನ್ನ ಗಾಡಿ ಅಡಿ ಇದೆ. ಎಲ್ಲರೂ ಅವರವರ ತಲೆ ಉಳಿಸಿಕೊಂಡ್ರೆ ಸಾಕಾಗಿದೆ."

ಕಡೆಗೆ ಬೀದಿಗೆ ಒಯ್ದು ಬಿಡುವುದೆಂದು ತೀರ್ಮಾನವಾಯಿತು. ಚೊಕ್ಕಣ್ಣ ಮೇಲುಗಡೆ, ಮೇಷ್ಟ್ರು ಕೆಳಗಡೆ, ನಡುವೆ ಇಬ್ಬರು ಹೆಂಗಸರ ಸಲಹೆಗಳು. ಸೋಫಾ ಬಾಗಿಲಲ್ಲೇ ನಿಂತಿತು. ಬಾಗಿಲಿನ ಹಲಗೆ ಕಳಚಿದರು. ಗೋಡೆಯ ಗಾರೆ ಉದುರಿತು.

"ಎಲ್ಲಿಗೋ ಒಯ್ತಿದ್ದೀಯ ಅದನ್ನ?" ಗೋಡೆಗೊರಗಿದ್ದ ಅಮ್ಮ ಕೇಳಿದಳು.

"ರಿಪೇರಿಗಮ್ಮ."

"ರಾತ್ರಿ ಚೆನ್ನಾಗೇ ಇತ್ತಲ್ಲೋ ಮಗಾ."

ಚೊಕ್ಕಣ್ಣ ಅವಳ ಮುಖ ನೋಡದೆ ಜೋರಾಗಿ ತಳ್ಳಿದ. ಸೋಫಾ ಬಾಗಿಲು ದಾಟಿ, ಮೆಟ್ಟಿಲು ಇಳಿದು, ತಿರುವಿನಲ್ಲಿ ಗೋಡೆಗೂ ಮೆಟ್ಟಿಲ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಮೇಲೂ ಬಾರದು, ಕೆಳಗೂ ಹೋಗದು. ಕೆಳಗಿದ್ದ ಮೇಷ್ಟ್ರು ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಹಾಗಾದರು. ಎಳೆದರು, ತಿರುಗಿಸಿದರು, ಗೋಡೆಗೆ ಎಣ್ಣೆ ಸವರಿದರು. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಸರಿಯಾಗಿ ಆಗಲೇ ಕೆಳಗಿನಿಂದ ಬೂಟಿನ ಸದ್ದು ಬಂತು. ಕಂಕುಳಲ್ಲಿ ಫೈಲು ಇಟ್ಟುಕೊಂಡು ತಪಾಸಣೆಯವನು ಬಂದು ನಿಂತ. ದಿನಾ ಚೊಕ್ಕಣ್ಣ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದದ್ದು ಇವನ ಮೇಜಿನ ಕೆಳಗಿನದೇ.

"ಯಾರದಿದು?"

"ನಾನು ದಾರಿಹೋಕ ಸಾರ್" ಎಂದರು ಗೋಡೆಗೆ ಅಂಟಿದ್ದ ಮೇಷ್ಟ್ರು.

"ನನಗೆ ಸೋಫಾ ಅಂದ್ರೇನೇ ಆಗಲ್ಲ" ಎಂದಳು ಅಕ್ಕ.

"ನಂದಲ್ಲ ಸಾರ್" ಎಂದ ಚೊಕ್ಕಣ್ಣ, ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡೇ.

ತಪಾಸಣೆಯವನು ಅವನ ಮುಖ ನೋಡಿದ. ಗುರುತು ಹತ್ತಲಿಲ್ಲ. ಆಮೇಲೆ ಸೋಫಾ ನೋಡಿದ. ತಕ್ಷಣ ಗುರುತು ಹತ್ತಿತು.

"ಇದು ನಮ್ಮ ಸಾಹೇಬ್ರ ಸೋಫಾ. ಇಲ್ನೋಡಿ, ಈ ಕಲೆ. ನಾನೇ ಕಾಫಿ ಚೆಲ್ಲಿ ಬೈಸಿಕೊಂಡಿದ್ದೆ. ಇಲ್ಲಿಗೆ ಹೇಗೆ ಬಂತು? ಕದ್ದು ತಂದ್ರಾ?"

ನೆರವು ಹೋದರೆ ಹೋಗಲಿ, ಈಗ ಚೊಕ್ಕಣ್ಣನ ಕೆಲಸವೂ ಹೋಗುವ ಹಾಗಿತ್ತು. ಆಗ ಮೇಲಿನಿಂದ ಗೋಡೆ ಹಿಡಿದುಕೊಂಡು ಅಮ್ಮ ಇಳಿದು ಬಂದಳು. ಒಂದೊಂದು ಮೆಟ್ಟಿಲಿಗೂ ಉಸಿರು ಹುಡುಕಿಕೊಂಡು ಹೇಳಿದಳು. "ಕಳ್ಳತನ ಯಾಕಪ್ಪ ಮಾಡ್ತಾನೆ ನನ್ನ ಮಗ. ಅವರ ಸಾಹೇಬ್ರು ನನಗೇ ಅಂತ ಕೊಟ್ಟಿದ್ದು. ನಿನ್ನೆ ರಾತ್ರಿ ನಾನು ನಿದ್ದೆ ಮಾಡಿದೆ."

ತಪಾಸಣೆಯವನು ಅಲ್ಲೇ ಸಾಹೇಬರಿಗೆ ಫೋನು ಹಚ್ಚಿದ. ಹೌದು, ಕೊಟ್ಟದ್ದು ನಿಜ ಎಂದರು ಅವರು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆದರೆ ಫೋನು ಜೇಬಿಗಿಟ್ಟವನು ಫೈಲು ಬಿಚ್ಚಿದ.

"ಹಾಗಾದ್ರೆ ಇದು ನಿಮಗೆ ಬಂದ ಉಡುಗೊರೆ. ಉಡುಗೊರೆ ಅಂದ್ರೆ ಆದಾಯ. ಕೊಂಡಾಗಿನ ಬೆಲೆ ನಿಮ್ಮ ವರಮಾನಕ್ಕೆ ಸೇರತ್ತೆ. ಸೇರಿದ್ರೆ ನೀವು ಮಿತಿ ದಾಟಿದ ಹಾಗೆ. ನೆರವು ರದ್ದು."

"ಸಾರ್, ಗುಜರಿ ಅಂತಾನೇ ಅಲ್ವ ಕೊಟ್ಟಿದ್ದು?"

"ಆಫೀಸಿನ ಲೆಕ್ಕದಲ್ಲಿ ಗುಜರಿ. ನಿಮ್ಮ ಲೆಕ್ಕದಲ್ಲಿ ಆಸ್ತಿ."

"ವಾಪಸ್ ಕೊಟ್ಟುಬಿಡ್ತೀನಿ ಸಾರ್."

"ಹೇಗ್ರಿ ತಗೊಳ್ಳೋದು? ಉಪಯೋಗಕ್ಕೆ ಬಾರದ್ದು ಅಂತ ತೆಗೆದುಹಾಕಿ ಆಗಿದೆ. ಗುಜರಿ ತುಂಬಿಕೊಳ್ಳೋಕೆ ಅದೇನು ಗುಜರಿ ಅಂಗಡಿನಾ? ಸರ್ಕಾರಿ ಕಚೇರಿ."

ತಪಾಸಣೆಯವನು ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿದು ದಣಿದಿದ್ದ. ಬರೆಯಲು ಜಾಗ ಬೇಕೆಂದು ಸೋಫಾದ ಅಂಚಿನಲ್ಲಿ ಕೂತ. ಸಾಹೇಬರ ಮುಂದೆ ಯಾವಾಗಲೂ ಕೂರುತ್ತಿದ್ದದ್ದು ಹಾಗೇ, ತುದಿಯಲ್ಲಿ, ಫೈಲು ಮಡಿಲಲ್ಲಿಟ್ಟುಕೊಂಡು. ಇಲ್ಲಿ ಸಾಹೇಬರಿಲ್ಲ ಎಂಬುದು ನಿಧಾನವಾಗಿ ಹೊಳೆದು ಬೆನ್ನು ಒರಗಿಸಿದ. ಒರಗಿಸಿದ ಮೇಲೆ ಅವನ ಮುಖದಲ್ಲಿ ಸ್ವಲ್ಪ ದಯೆ ಕಾಣಿಸಿತು. ಎದುರು ಮೆಟ್ಟಿಲ ಮೇಲೆ ಮುದುಕಿ ಏದುಸಿರು ಬಿಡುತ್ತಿದ್ದಳು.

"ಒಂದು ಮಾತು. ನಿಮ್ಮ ಮನೆ ಒಳಗೆ ಏನಿದೆಯೋ ಅದು ನಿಮ್ಮದು. ಇದು ಮೆಟ್ಟಿಲ ಮೇಲಿದೆ. ಮೆಟ್ಟಿಲು ಯಾರದು?"

"ಓನರ್‌ದು" ಎಂದರು ಮೇಷ್ಟ್ರು, ದಾರಿಹೋಕರು ಎಂಬುದನ್ನು ಮರೆತು.

"ಅವರು ಇದು ನಂದು ಅಂತ ಸಹಿ ಮಾಡಿದ್ರೆ ನನಗೇನೂ ಅಡ್ಡಿ ಇಲ್ಲ."

ಓನರ್ ಆ ಹೊತ್ತಿಗೇ ಬಂದ. ಬಾಡಿಗೆಯ ದಿನ ಬಿಟ್ಟು ಬೇರೆ ದಿನ ಬರಬೇಕಾದಾಗಲೆಲ್ಲ ಅವನ ಮುಖ ಗಂಟಿಕ್ಕಿರುತ್ತಿತ್ತು. ಎಲ್ಲರೂ ಒಟ್ಟಿಗೆ ವಿಷಯ ಹೇಳಿದರು. ಅವನು ಉದುರಿದ ಗಾರೆ ನೋಡಿದ, ಎಣ್ಣೆ ಸವರಿದ ಗೋಡೆ ನೋಡಿದ, ಮುದುಕಿಯನ್ನು ನೋಡಿದ. ಆಮೇಲೆ ಸೋಫಾವನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿದ.

"ಹೌದು, ಇದು ನಂದೇ" ಎಂದು ಸಹಿ ಹಾಕಿದ.

ಚೊಕ್ಕಣ್ಣನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ಮನುಷ್ಯನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ ಅಂತ ಅವನಿಗೆ ನಾಚಿಕೆಯಾಯಿತು. ಕೈ ಮುಗಿದ. ತಪಾಸಣೆಯವನು ಒಲ್ಲದ ಮನಸ್ಸಿನಿಂದ ಸೋಫಾದಿಂದ ಎದ್ದು, ನೆರವು ಮುಂದುವರಿಯಲಿ ಎಂದು ಬರೆದು, ಸೋಫಾ ಹತ್ತಿ ದಾಟಿ ಉಳಿದ ಮನೆಗಳನ್ನು ನೋಡಿಕೊಂಡು ಹೋದ. ಹೋಗುವಾಗ ಚೊಕ್ಕಣ್ಣನಿಗೆ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ" ಎಂದ.

"ಇದನ್ನ ಹೀಗೆ ಇಲ್ಲಿ ಬಿಡೋಕಾಗತ್ತೇನಯ್ಯ?" ಎಂದ ಓನರ್. ಬಗ್ಗಿ ಸೋಫಾದ ಒಂದು ಕಾಲು ಹಿಡಿದು ತಿರುಗಿಸಿದ. ಬಾಟಲಿಯ ಮುಚ್ಚಳದ ಹಾಗೆ ಅದು ಬಿಚ್ಚಿಕೊಂಡು ಕೈಗೆ ಬಂತು. ಉಳಿದವೂ ಬಂದವು. ಆ ಕಾಲುಗಳನ್ನು ದಿನಾ ಒರೆಸಿದ್ದ ಚೊಕ್ಕಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಮೇಷ್ಟ್ರು ಚಾವಣಿ ನೋಡಿದರು. ಸೋಫಾ ಹೂವಿನ ಹಾಗೆ ಹಗುರಾಗಿ ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಇದ್ದ ಜಾಗಕ್ಕೇ ಹೋಗಿ ಕೂತಿತು. ಕಾಲು ಮತ್ತೆ ತಿರುಗಿಸಿದ್ದೂ ಆಯಿತು. ಮುದುಕಿ ಒಂದು ಪಕ್ಕಕ್ಕೆ ಒರಗಿದವಳು ನೋಡನೋಡುತ್ತಲೇ ನಿದ್ದೆ ಹೋದಳು.

"ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ ಸಾರ್" ಎಂದ ಚೊಕ್ಕಣ್ಣ ದನಿ ತಗ್ಗಿಸಿ.

"ಮರೆಯೋದು ಬೇಡ. ಅಮ್ಮ ಮಲಗಲಿ ಬಿಡು, ನಾನೇನು ಕಟುಕನಲ್ಲ." ಓನರ್ ಸೋಫಾದ ಇನ್ನೊಂದು ತುದಿಯಲ್ಲಿ ಆರಾಮವಾಗಿ ಕೂತ. "ಆದ್ರೆ ನೋಡು, ಇಷ್ಟು ದಿನ ನಾನು ಕೊಟ್ಟಿದ್ದು ಬರೀ ಮನೆ. ಇವತ್ತಿಂದ ಸೋಫಾ ಇರೋ ಮನೆ. ಮುಂದಿನ ತಿಂಗಳಿಂದ ಸೋಫಾದ್ದು ಬೇರೆ ಕೊಡು."

"ಸಾರ್, ಅದು ನಂದೇ ಅಲ್ವ..."

"ಯಾರು ಹೇಳಿದ್ದು? ಸರ್ಕಾರದೋರೇ ಬರೆದುಕೊಂಡು ಹೋದ್ರಲ್ಲ ನನ್ನ ಹೆಸರಿಗೆ. ನಿಂದು ಅಂದ್ರೆ ಹೇಳು, ಈಗ್ಲೇ ಫೋನ್ ಮಾಡಿ ಬರೆದಿದ್ದು ತಪ್ಪು ಅಂತ ತಿಳಿಸ್ತೀನಿ."

"ಎಷ್ಟು ಕೊಡಬೇಕು?" ಎಂದು ಕೇಳಿದಳು ಹೆಂಡತಿ.

"ಹೆಚ್ಚೇನಿಲ್ಲಮ್ಮ. ನಿಮ್ಮ ಕಷ್ಟ ನನಗೆ ಗೊತ್ತಿಲ್ವಾ? ತಿಂಗಳು ತಿಂಗಳು ನೆರವು ಎಷ್ಟು ಬರತ್ತೋ ಅಷ್ಟೇ ಕೊಡಿ ಸಾಕು. ಬೇಡ ಅಂದ್ರೆ ಬಲವಂತ ಇಲ್ಲ. ಅಮ್ಮನ್ನ ಎಬ್ಬಿಸಿ, ಈಗ್ಲೇ ತಗೊಂಡು ಹೋಗ್ತೀನಿ."

ಹೆಂಡತಿ ಚೊಕ್ಕಣ್ಣನ ಮುಖ ನೋಡಿದಳು. ಚೊಕ್ಕಣ್ಣ ಅಮ್ಮನ ಮುಖ ನೋಡಿದ. ಅವಳ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು, ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೆ ಇದಕ್ಕೆ ಯಾವ ನಿಯಮವೂ ನೆನಪಾಗಲಿಲ್ಲ. ಅಕ್ಕ ತನ್ನ ಮಿಕ್ಸಿ ತರಲು ಕೆಳಗೆ ಹೋದಳು.

"ಆಯ್ತು ಸಾರ್" ಎಂದ ಚೊಕ್ಕಣ್ಣ.

ಬೆಳಗಿನಿಂದ ಹೊತ್ತು ಎಳೆದು ಅವನಿಗೆ ಸಾಕಾಗಿತ್ತು. ಅಮ್ಮನಿಗೂ ಓನರ್‌ಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅವನು ಒಂದು ಹೆಜ್ಜೆ ಮುಂದಿಟ್ಟು, ಕೂರಲೆಂದು ಮಂಡಿ ಬಗ್ಗಿಸಿದ.

"ಹುಷಾರು ಕಣಯ್ಯ. ಮೂರು ಜನ ಕೂತ್ರೆ ಸ್ಪ್ರಿಂಗು ಹೋದೀತು" ಎಂದ ಓನರ್.

ಚೊಕ್ಕಣ್ಣ ನೆಲದ ಮೇಲೆ ಕೂತ. ಕೂತವನಿಗೆ ಸೋಫಾದ ಕಾಲಿಗೆ ಮೆತ್ತಿದ್ದ ಗಾರೆಯ ಪುಡಿ ಕಾಣಿಸಿತು. ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸತೊಡಗಿದ.