ಜೋಪಾನಪ್ಪನ ಬ್ಯಾಕಪ್ಪು

ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ತೆರೆದ ಲ್ಯಾಪ್‌ಟಾಪಿನಲ್ಲಿ ಒಂದು ಕೆಂಪು ಗೆರೆ ಮೂಡಿತು: ಜಾಗ ಭರ್ತಿಯಾಗಿದೆ. ಅಷ್ಟಕ್ಕೇ ಜೋಪಾನಪ್ಪ ಕುರ್ಚಿ ಬಿಟ್ಟು ಎದ್ದು ನಿಂತ.

ವಿಮಾ ಕಚೇರಿಯ ಈ ಗುಮಾಸ್ತನಿಗೆ ಆ ಹೆಸರಿಟ್ಟವರು ಸಹೋದ್ಯೋಗಿಗಳು. ಕನ್ನಡಕ ಎರಡು, ಕೊಡೆ ಎರಡು, ಜೇಬಿನಲ್ಲಿ ಪೆನ್ನೂ ಎರಡು. ಮನೆ ಬೀಗಕ್ಕೆ ಇನ್ನೊಂದು ಕೀಲಿಕೈ ಮಾಡಿಸಿ, ಕಳೆದೀತೆಂದು ಮನೆಯೊಳಗೇ ಭದ್ರವಾಗಿಟ್ಟಿದ್ದ ಪುಣ್ಯಾತ್ಮ. ಆ ಲ್ಯಾಪ್‌ಟಾಪಿನಲ್ಲಿ ಅವನ ಮಾವನ ಆತ್ಮಕತೆಯಿತ್ತು. ಹೆಣ್ಣು ಕೊಟ್ಟ ಮಾವ, ನಿವೃತ್ತ ಸ್ಟೇಷನ್ ಮಾಸ್ತರರು, ಎರಡು ವರ್ಷ ಭಾನುವಾರ ತಪ್ಪದೆ ಹೇಳುತ್ತ ಹೋಗಿದ್ದರು. ಅಳಿಯ ಟೈಪು ಮಾಡುತ್ತ ಹೋಗಿದ್ದ. ನಾನೂರ ಹನ್ನೆರಡು ಪುಟ! ಸಂಜೆ ಐದಕ್ಕೆ ಅದನ್ನು ಒಯ್ಯಲು ಮಾವ ಮನೆಗೆ ಬರುವವರಿದ್ದರು.

“ಇದೇನ್ರೀ, ರಿಕವರಿ ಅಂತ ಒಂದು ಡ್ರೈವು?” ಕ್ಯಾಷಿಯರ್ ಬೆನ್ನ ಹಿಂದಿನಿಂದ ಇಣುಕಿದ. “ಯಾವತ್ತಾದ್ರೂ ಬಳಸಿದೀರಾ?”

“ತೆರೆದೂ ನೋಡಿಲ್ಲ.”

“ಮತ್ತೆ ದಂಡಕ್ಕೆ ಕೂತಿದೆ. ಎತ್ತಿ ಬಿಸಾಕಿ!”

ಅಳಿಸಿ ಬಿಸಾಕಿದ್ದಾಯಿತು. ಆದರೂ ಲ್ಯಾಪ್‌ಟಾಪು ಕುಂಟುತ್ತಲೇ ಇತ್ತು. ಹೆಡ್ ಕ್ಲಾರ್ಕ್ ಮೇಡಂ ಕುರ್ಚಿ ಎಳೆದುಕೊಂಡು ಬಂದರು. “ಪೂರ್ತಿ ರೀಸೆಟ್ ಒತ್ತಿ, ಹೊಚ್ಚ ಹೊಸದಾಗುತ್ತೆ. ಬ್ಯಾಕಪ್ ಇದೆ ತಾನೇ?”

“ನನ್ನನ್ನ ಕೇಳ್ತೀರಾ ಮೇಡಂ? ದಿನಾ ತಾನಾಗೇ ತಗೊಳ್ಳೋ ಸಾಫ್ಟ್‌ವೇರ್ ಹಾಕಿದೀನಿ!” ಎಂದು ಜೋಪಾನಪ್ಪ ಎದೆಯುಬ್ಬಿಸಿ ಒತ್ತಿಯೇಬಿಟ್ಟ.

ಪರದೆ ಅರ್ಧ ಗಂಟೆ ಗಿರಗಿರನೆ ಸುತ್ತಿ, ಹಳೇ ಬಾಣಲೆಯ ತಳದಂತೆ ಕಪ್ಪಾಯಿತು. ಕ್ಯಾಷಿಯರ್‌ಗೂ ಮೇಡಂಗೂ ಆಗಲೇ ತುರ್ತು ಕೆಲಸ ನೆನಪಾಯಿತು.

ಮಧ್ಯಾಹ್ನ ಜೋಪಾನಪ್ಪ ರಿಪೇರಿ ಅಂಗಡಿಗೆ ಓಡಿದ.

“ರೀಸೆಟ್ ಆಗೋಕೆ ಆ ರಿಕವರಿ ಡ್ರೈವೇ ಬೇಕು ಸಾರ್. ಎಲ್ಲಿ ಅದು?” ಎಂದ ರಿಪೇರಿಯವನು.

“ಬೆಳಿಗ್ಗೆ ಅಳಿಸಿದೆ.”

“ಹೋಗ್ಲಿ, ಬ್ಯಾಕಪ್ ಎಲ್ಲಿಟ್ಟಿದ್ರಿ?”

ಜೋಪಾನಪ್ಪ ಹಣೆ ಚಚ್ಚಿಕೊಂಡ. “ಅದೇ ಡ್ರೈವಲ್ಲಿ. ಯಾರೂ ಮುಟ್ಟಲ್ಲ, ಭದ್ರವಾಗಿರುತ್ತೆ ಅಂತ...”

ರಿಪೇರಿಯವನು ಕೈ ಮುಗಿದ. “ಬಿಟ್ಟು ಹೋಗಿ, ನೋಡ್ತೀನಿ. ಆಸೆ ಮಾತ್ರ ಇಟ್ಕೋಬೇಡಿ.”

ಐದು ಹೊಡೆಯುವುದಕ್ಕೂ ಮಾವ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಜೋಪಾನಪ್ಪ ನಿಂತಲ್ಲೇ ಹೇಳಿಬಿಟ್ಟ: “ಮಾವ, ನನ್ನನ್ನ ಏನು ಬೇಕಾದ್ರೂ ಅನ್ನಿ. ನಿಮ್ಮ ಪುಸ್ತಕ ಪೂರ್ತಿ ಅಳಿಸಿಹೋಯ್ತು.” ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮಾವ ಅಳಿಯನನ್ನು ಬಾಚಿ ತಬ್ಬಿಕೊಂಡರು. “ಬದುಕಿಸಿದೆ ಕಣಪ್ಪಾ! ಅದರಲ್ಲಿ ನಮ್ಮ ತಾತನ್ನ, ನಾಲ್ಕು ಜನ ಅತ್ತೆಯಂದಿರನ್ನ ಬಿಟ್ಟೇಬಿಟ್ಟಿದ್ದೆ. ಮೊದಲಿಂದ ಬರೀಬೇಕು ಅಂತ ಹೇಳೋಕೆ ತಿಂಗಳಿಂದ ಬಾಯೇ ಬರ್ತಿರ್ಲಿಲ್ಲ. ನೀನಾಗೇ ಅಳಿಸಿದೀಯ, ನನ್ನ ಬಂಗಾರ!”

ಅಷ್ಟರಲ್ಲಿ ಫೋನ್ ಬಂತು. “ಸಾರ್, ಒಂದಕ್ಷರ ಬಿಡದೆ ಸಿಕ್ತು! ನಾನೂರ ಹನ್ನೆರಡೂ ಪುಟ!” ರಿಪೇರಿಯವನ ದನಿ ಇಡೀ ಮನೆಗೆ ಕೇಳಿಸಿತು.

ಜೋಪಾನಪ್ಪನ ಮುಖ ಅರಳುವಷ್ಟರಲ್ಲಿ ಮಾವ ಫೋನ್ ಕಸಿದುಕೊಂಡರು. “ಅಳಿಸಿಬಿಡಪ್ಪ. ಇನ್ನೊಂದ್ಸಲ ಸಿಗದ ಹಾಗೆ ಅಳಿಸು.” ಆಮೇಲೆ ಕುರ್ಚಿಯಲ್ಲಿ ಆರಾಮಾಗಿ ಕೂತರು. “ಬಾ, ಶುರು ಮಾಡೋಣ. ನಮ್ಮ ತಾತ ಹುಟ್ಟಿದ್ದು...”

“ಲ್ಯಾಪ್‌ಟಾಪೇ ಇಲ್ವಲ್ಲ ಮಾವ!” ಜೋಪಾನಪ್ಪ ಕೊನೆಯ ಆಸೆಯಿಂದ ಅಂದ.

“ಪೆನ್ನಿಲ್ವಾ?”

ಜೋಪಾನಪ್ಪ ತಡಮಾಡಿ ಜೇಬು ಮುಚ್ಚಿಕೊಂಡ. ಅಲ್ಲಿ ಎರಡಿರುವುದನ್ನು ಮಾವ ನೋಡಿಯಾಗಿತ್ತು.