ಆನ್‌ಲೈನ್ ಪಾಠಕ್ಕೆ ರೊಟ್ಟಿಯ ತಾಳ

ನಮ್ಮ ಮೊಮ್ಮಗಳು ಸಾನ್ವಿ ಶಾಲೆಯ ಹಾಡಿನ ತಂಡಕ್ಕೆ ಆಯ್ಕೆಯಾದಳು. ಸುದ್ದಿ ಬಂದಾಗಿನಿಂದ ಇದನ್ನು ವಾಚ್‌ಮನ್‌ಗೆ, ಕೊತ್ತಂಬರಿ ಮಾರುವವಳಿಗೆ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ ಹೇಳಿದ್ದೇನೆ. ಆ ಲಿಫ್ಟಿನವರು ಕೆಳಗಿನ ಮಹಡಿಯಲ್ಲೇ ಇಳಿಯಬೇಕಿತ್ತಂತೆ. ಪಾಪ, ನನ್ನ ಮಾತು ಮುಗಿಯಲೆಂದು ನಮ್ಮ ಮಹಡಿಯವರೆಗೂ ಬಂದರು. ಈಗ ನಿಮ್ಮ ಸರದಿ.

ನಾನು ಓದಿದ್ದು ಎರಡನೇ ಇಯತ್ತೆ. ಮೊಮ್ಮಗಳೂ ಈಗ ಎರಡನೇ ತರಗತಿಯಲ್ಲೇ ಇರುವುದರಿಂದ ನಾವಿಬ್ಬರೂ ಸಹಪಾಠಿಗಳು. ಸಂಜೆ ಅವಳ ಶಾಲೆಯ ಸಂಗೀತ ಪಾಠ ಟ್ಯಾಬ್‌ನಲ್ಲಿ ನಡೆಯುತ್ತದೆ. ಟೀಚರ್ ಎಲ್ಲೋ ಕುಳಿತು ಹಾಡಿಸುತ್ತಾರೆ, ಒಂದು ಆ್ಯಪ್ ಟಿಕ್ ಟಿಕ್ ಎಂದು ತಾಳ ಹಾಕುತ್ತದೆ. ಹುಡುಗಿ ತಾಳ ಹಿಡಿದರೆ ಅದರೊಳಗಿನ ಕರಡಿ ನಕ್ಷತ್ರ ಕೊಡುತ್ತದೆ, ತಪ್ಪಿದರೆ ಅಳುತ್ತದೆ. ನಮ್ಮ ಮುಂಬಯಿಯ ಮಲಾಡಿನ ಮನೆಯಲ್ಲಿ ಹಾಲ್ ಎಲ್ಲಿ ಮುಗಿದು ಅಡುಗೆಮನೆ ಎಲ್ಲಿ ಶುರುವಾಯಿತೆಂಬುದು ಕಟ್ಟಿದವನಿಗೂ ಗೊತ್ತಿರಲಾರದು. ಪಾಠದ ಹೊತ್ತಿಗೇ ನಾನು ಅಗಲ ತಟ್ಟೆ ಪರಾತದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ವಿಜಯಪುರದ ಕೈ, ಮೆಲ್ಲಗೆ ಬಡಿಯಲು ಬಾರದು. ಭಜನೆಯಲ್ಲಿ ಕುಳಿತು ಬೆಳೆದ ಕೈ ಬೇರೆ. ಟಿಕ್ ಟಿಕ್ ಕೇಳಿದರೆ ತಾನೇ ಅದರ ಹಿಂದೆ ಹೋಗುತ್ತಿತ್ತು. ಒಂದು ದಿನ ಟೀಚರ್ ಕೇಳಿಯೇಬಿಟ್ಟರು, “ಸಾನ್ವಿ, ಘರ್ ಮೇ ಕಾರ್ಪೆಂಟರ್ ಆಯಾ ಹೈ ಕ್ಯಾ?” ಮನೆಗೆ ಬಡಗಿ ಬಂದಿದ್ದಾನೆಯೇ ಎಂದು.

ಸೊಸೆ ಗೀತಾ ನಾಚಿ ನೀರಾದಳು. “ಅತ್ತಿ, ಕ್ಲಾಸ್ ಇದ್ದ ದಿನ ಚಪಾತಿ ಮಾಡೂಣ್ರೀ. ಲಟ್ಟಣಿಗಿ ಸಪ್ಪಳ ಮಾಡಂಗಿಲ್ಲ.”

ಸರಿ ಅಂದೆ. ಆದರೆ ಚಪಾತಿ ಶುರುವಾದದ್ದೇ ತಡ, ಕರಡಿ ಅಳತೊಡಗಿತು. ತಂಡಕ್ಕೆ ಆರಿಸುವ ಪರೀಕ್ಷೆಯೂ ಅದೇ ಆ್ಯಪ್‌ನಲ್ಲಿ. ಅದರ ಹಿಂದಿನ ದಿನ ಸಾನ್ವಿ ಟ್ಯಾಬ್ ಮಗುಚಿಟ್ಟು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು.

“ಅಜ್ಜಿ, ನಾ ಹಾಡಂಗಿಲ್ಲ. ಆ ಟಿಕ್ ಟಿಕ್ ನಂಗ ಸಮಝ್ ಆಗಂಗಿಲ್ಲ.”

“ಮದ್ಲ ಹೆಂಗ ತಿಳೀತಿತ್ತವ್ವಾ?”

“ಮದ್ಲ ನಿನ್ನ ರೊಟ್ಟಿ ಇತ್ತಲ್ಲ. ನಾ ಅದನ್ನ ಕೇಳ್ತಿದ್ದೆ.”

ಗೀತಾ ಆಗಲೇ ಟೀಚರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದಳು. ಮನೆಯವರು ಯಾರಾದರೂ ತಾಳ ಹಿಡಿಯಬಹುದು, ಕಾರ್ಪೆಂಟರನ್ನೇ ಕೂರಿಸಿ ಎಂದು ಅವರು ನಕ್ಕರಂತೆ.

ಮರುದಿನ ಬೆಳಿಗ್ಗೆ ಸಾನ್ವಿ ಹಾಡಿದಳು, ನಾನು ಬಡಿದೆ. ಹಾಡು ಮುಗಿಯುವವರೆಗೆ ಕೈ ನಿಲ್ಲಿಸುವಂತಿಲ್ಲ. ರೊಟ್ಟಿ ಅಗಲವಾಗುತ್ತಾ ಹೋಗಿ ಹಂಚನ್ನೂ ಮೀರಿತು, ನಡುವೆ ತೂತಾಯಿತು. ಕರಡಿ ಮಾತ್ರ ನಕ್ಷತ್ರದ ಮೇಲೆ ನಕ್ಷತ್ರ ಸುರಿಸಿತು. ಮಧ್ಯಾಹ್ನಕ್ಕೆ ಸುದ್ದಿ ಬಂತು.

ಸಂಜೆ ಮಗ ಬಾಂದ್ರಾ ಆಫೀಸಿನಿಂದ ಬೇಗ ಬಂದ. ಎಲ್ಲರೂ ಸುತ್ತ ಕುಳಿತೆವು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ನಡುವೆ ಮಡಚಿ ಬೇಯಿಸಿದ ಆ ರೊಟ್ಟಿ. ಸಾನ್ವಿ ಅದರ ಸುಟ್ಟ ಅಂಚನ್ನೇ ಮುರಿದುಕೊಂಡು ಬೆಣ್ಣೆ ಕೇಳಿದಳು.

“ಅವ್ವಾ, ಸ್ಟೇಜಿನ ಮ್ಯಾಲೂ ಪರಾತ ಹಿಡ್ಕೊಂಡು ಹೋಗಾಕಿ ಏನು?” ಎಂದ ಮಗ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಿಮಗಷ್ಟೇ ಹೇಳುತ್ತೇನೆ, ಸ್ಟೇಜ್ ಹತ್ತುವ ದಿನ ಯಾವ ಸೀರೆ ಉಡುವುದೆಂದು ಆಗಲೇ ಯೋಚಿಸುತ್ತಿದ್ದೆ.